ಎರಡು ಸಲ ಸೋತವರು ಚಾಂಪಿಯನ್ ಆದ ಋತು: ಕಾಲೇಜು ಫುಟ್‌ಬಾಲ್ ಪ್ಲೇಆಫ್ ಜಗಳದ ಬೇರು 2024ರಲ್ಲಿದೆ

ಅಮೆರಿಕದ ಕಾಲೇಜು ಫುಟ್‌ಬಾಲ್ ಪ್ಲೇಆಫ್‌ನಲ್ಲಿ ಎಷ್ಟು ತಂಡಗಳು ಆಡಬೇಕು? 12 ಸಾಕು, 16 ಬೇಕು, 24 ಮಾಡಿ ಎಂದು ದೊಡ್ಡ ಕೂಟಗಳು ತಿಂಗಳುಗಟ್ಟಲೆ ಜಗ್ಗಾಡಿದವು. 2026ರ ಜನವರಿಯಲ್ಲಿ ಗಡುವು ಮುಗಿದಾಗಲೂ ಒಮ್ಮತ ಮೂಡಲಿಲ್ಲ. ಹಾಗಾಗಿ 2026ರ ಋತುವೂ 12 ತಂಡಗಳ ಪದ್ಧತಿಯಲ್ಲೇ ನಡೆಯಲಿದೆ. ನಾಲ್ಕಿದ್ದದ್ದನ್ನು ಹನ್ನೆರಡು ಮಾಡಿ ಎರಡೇ ಋತು ಕಳೆದಿರುವಾಗ ಮತ್ತೆ ಈ ಗದ್ದಲ ಏಕೆ ಎಂದು ಸುದ್ದಿ ಓದಿದವರಿಗೆ ಅನಿಸುವುದು ಸಹಜ. ಓಹಾಯೋದ ಕೊಲಂಬಸ್‌ಗೋ ಅರಿಜೋನಾದ ಟೆಂಪಿಗೋ ಎಂ.ಎಸ್. ಓದಲು ಹೋದ ನಮ್ಮ ವಿದ್ಯಾರ್ಥಿಗಳಿಗೂ, ಶನಿವಾರ ಊರಿಗೆ ಊರೇ ಒಂದು ಬಣ್ಣ ತೊಡುವುದು ಅರ್ಥವಾದಷ್ಟು ಸುಲಭವಾಗಿ ಈ ಲೆಕ್ಕಾಚಾರ ಅರ್ಥವಾಗುವುದಿಲ್ಲ.

ಉತ್ತರ ಸಿಗಬೇಕಾದರೆ 2024ರ ಋತುವನ್ನು ನಿಧಾನವಾಗಿ ನೋಡಬೇಕು. 12 ತಂಡಗಳ ಪ್ಲೇಆಫ್ ನಡೆದ ಮೊದಲ ವರ್ಷ ಅದು. ತನ್ನ ಕೂಟದ ಫೈನಲ್‌ಗೂ ಬಾರದ, ಎರಡು ಪಂದ್ಯ ಸೋತ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ನೇರವಾಗಿ ಕ್ವಾರ್ಟರ್‌ಫೈನಲ್ ತಲುಪಿದ್ದ ನಾಲ್ಕು ತಂಡಗಳೂ ಆಡಿದ ಮೊದಲ ಪಂದ್ಯದಲ್ಲೇ ಸೋತವು. ಪದ್ಧತಿಯ ಗುಣವೂ ದೋಷವೂ ಒಟ್ಟಿಗೇ ಬಯಲಾದವು.

ನಾಲ್ಕು ಏಕೆ ಸಾಕಾಗಲಿಲ್ಲ

ಇದು ನಾವು ಕಾಲಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡಿನ, ಹೆಲ್ಮೆಟ್ ಹಾಕಿ ಆಡುವ ಅಮೆರಿಕನ್ ಫುಟ್‌ಬಾಲ್. ಅಗ್ರ ವಿಭಾಗದಲ್ಲಿ 2024ರಲ್ಲಿ 134 ವಿಶ್ವವಿದ್ಯಾಲಯಗಳಿದ್ದವು. ಒಂದು ತಂಡ ಋತುವಿಗೆ ಆಡುವುದು 12 ಪಂದ್ಯ, ಅದರಲ್ಲೂ ಹೆಚ್ಚಿನವು ತನ್ನದೇ ಕೂಟದೊಳಗೆ. ಈ ಕೂಟಗಳನ್ನು ಕಾನ್ಫರೆನ್ಸ್ ಎನ್ನುತ್ತಾರೆ. ಪರಸ್ಪರ ಆಡದ ತಂಡಗಳನ್ನು ಅಂಕಪಟ್ಟಿಯಿಂದ ಹೋಲಿಸಲು ಬರುವುದಿಲ್ಲವಾದ್ದರಿಂದ 13 ಮಂದಿಯ ಆಯ್ಕೆ ಸಮಿತಿ ಕುಳಿತು ರ‍್ಯಾಂಕಿಂಗ್ ಕೊಡುತ್ತದೆ. ಎಲ್ಲ ಜಗಳಗಳೂ ಇಲ್ಲಿಂದಲೇ ಹುಟ್ಟುವುದು.

2014ರಿಂದ 2023ರ ಋತುವಿನವರೆಗೆ ಪ್ಲೇಆಫ್‌ನಲ್ಲಿ ನಾಲ್ಕೇ ಸ್ಥಾನ, ದೊಡ್ಡ ಕಾನ್ಫರೆನ್ಸ್ ಐದು. ಅಂದರೆ ಪ್ರತಿ ವರ್ಷ ಕನಿಷ್ಠ ಒಂದು ಚಾಂಪಿಯನ್ ಹೊರಗೇ. 2023ರಲ್ಲಿ ಫ್ಲೋರಿಡಾ ಸ್ಟೇಟ್ 13 ಪಂದ್ಯಗಳನ್ನೂ ಗೆದ್ದು ಕಾನ್ಫರೆನ್ಸ್ ಪ್ರಶಸ್ತಿ ಪಡೆದಿತ್ತು. ಆದರೆ ಪಾಸ್ ಎಸೆದು ಆಟ ನಡೆಸುವ ಮುಖ್ಯ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಗಾಯಗೊಂಡಿದ್ದರಿಂದ ತಂಡ ಮೊದಲಿನಷ್ಟು ಬಲವಾಗಿಲ್ಲ ಎಂದು ಸಮಿತಿ ಅದನ್ನು ಕೈಬಿಟ್ಟಿತು. ಒಂದೂ ಪಂದ್ಯ ಸೋಲದವರನ್ನು ಹೊರಗಿಟ್ಟ ಮೇಲೆ ಗೆಲುವಿಗೇನು ಬೆಲೆ ಎಂಬ ಪ್ರಶ್ನೆಗೆ ಯಾರೂ ಸಮಾಧಾನಕರ ಉತ್ತರ ಕೊಡಲಿಲ್ಲ. 12 ತಂಡಗಳ ನಿರ್ಧಾರ ಅದಕ್ಕೂ ಮೊದಲೇ ಆಗಿತ್ತು. ಈ ಪ್ರಕರಣ ಅದರ ಅಗತ್ಯವನ್ನು ಎಲ್ಲರಿಗೂ ಮನದಟ್ಟು ಮಾಡಿತು.

ಇದೇ ವೇಳೆಗೆ ಟಿ.ವಿ. ಹಣದ ಸೆಳೆತಕ್ಕೆ ಕೂಟಗಳ ನಕ್ಷೆಯೇ ಬದಲಾಯಿತು. ಪಶ್ಚಿಮ ಕರಾವಳಿಯ ಪ್ಯಾಕ್-12 ಒಡೆದು ಒರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್ ಎರಡೇ ಉಳಿದವು. 2024ಕ್ಕೆ ಅತಿ ಪ್ರಭಾವಿ ಕೂಟಗಳಾದ ಬಿಗ್ ಟೆನ್‌ನಲ್ಲಿ 18 ತಂಡ, ಎಸ್‌ಇಸಿಯಲ್ಲಿ 16. ಕೂಟ ಇಷ್ಟು ದೊಡ್ಡದಾದಾಗ ಅದರೊಳಗಿನ ತಂಡಗಳೂ ಎಲ್ಲರೊಂದಿಗೆ ಆಡುವುದಿಲ್ಲ. ಒಬ್ಬರಿಗೆ ಸುಲಭದ ವೇಳಾಪಟ್ಟಿ ಸಿಕ್ಕರೆ ಪಕ್ಕದವರಿಗೆ ಕಬ್ಬಿಣದ ಕಡಲೆ.

ಸೋಲಿನ ಬೆಲೆ ಇಳಿಯಿತು

ಹಿಂದಿನ ಪದ್ಧತಿಯಲ್ಲಿ ಒಂದು ಸೋಲನ್ನು ಹೇಗೋ ತಾಳಿಕೊಳ್ಳಬಹುದಿತ್ತು, ಎರಡಾದರೆ ಕಥೆ ಮುಗಿದಂತೆ. 2024ರ ಸೆಪ್ಟೆಂಬರ್ 7ರಂದು ನೋಟ್ರೆ ಡೇಮ್ ತವರಿನಲ್ಲೇ ನಾರ್ದರ್ನ್ ಇಲಿನಾಯ್‌ಗೆ 16-14ರಿಂದ ಸೋತಿತು. ಇಂಥ ಸಣ್ಣ ತಂಡಕ್ಕೆ ಸೋತವರು ಹಿಂದಾದರೆ ಡಿಸೆಂಬರ್‌ನ ಆಸೆಯನ್ನು ಅಲ್ಲೇ ಬಿಡಬೇಕಿತ್ತು. ನೋಟ್ರೆ ಡೇಮ್ ಉಳಿದ ಎಲ್ಲ ಪಂದ್ಯ ಗೆದ್ದು 11-1ರೊಂದಿಗೆ, ಅಂದರೆ 11 ಗೆಲುವು ಒಂದು ಸೋಲಿನೊಂದಿಗೆ, ಪ್ಲೇಆಫ್ ಸೇರಿ ಫೈನಲ್‌ವರೆಗೂ ಹೋಯಿತು.

ಅಕ್ಟೋಬರ್ 5ರಂದು ವ್ಯಾಂಡರ್‌ಬಿಲ್ಟ್, ಆಗ ಒಂದನೇ ಸ್ಥಾನದಲ್ಲಿದ್ದ ಅಲಬಾಮಾವನ್ನು 40-35ರಿಂದ ಸೋಲಿಸಿತು. ಅಗ್ರ ರ‍್ಯಾಂಕಿನ ತಂಡದ ಮೇಲೆ ವ್ಯಾಂಡರ್‌ಬಿಲ್ಟ್‌ಗೆ ಅದು ಇತಿಹಾಸದಲ್ಲೇ ಮೊದಲ ಗೆಲುವು. ವಿದ್ಯಾರ್ಥಿಗಳು ಗೋಲ್‌ಪೋಸ್ಟ್ ಕಿತ್ತು, ನ್ಯಾಶ್‌ವಿಲ್ ಬೀದಿಗಳಲ್ಲಿ ಹೊತ್ತು ನಡೆದು, ಕಂಬರ್‌ಲ್ಯಾಂಡ್ ನದಿಗೆ ಹಾಕಿದರು. ಅಲಬಾಮಾ ಮುಂದೆ ಟೆನೆಸ್ಸಿಗೂ ಓಕ್ಲಹೋಮಾಗೂ ಸೋತಿತು. 9-3ರ ಆ ತಂಡ ಕಡೆಗೆ ಹೊರಗುಳಿಯಿತು. ಹೊಸ ಪದ್ಧತಿಯಲ್ಲಿ ದೊಡ್ಡ ಕೂಟದ ತಂಡಕ್ಕೆ ಎರಡು ಸೋಲು ಕ್ಷಮ್ಯ, ಮೂರು ಅಪಾಯ ಎಂಬ ಅಲಿಖಿತ ಗೆರೆ ಬಿದ್ದದ್ದು ಆಗಲೇ.

ಆ ಗೆರೆಯ ಪೂರ್ತಿ ಲಾಭ ಸಿಕ್ಕಿದ್ದು ಓಹಾಯೋ ಸ್ಟೇಟ್‌ಗೆ. ನವೆಂಬರ್ 30ರಂದು ಅದು ತನ್ನ ಬದ್ಧ ವೈರಿ ಮಿಷಿಗನ್‌ಗೆ ತವರಿನಲ್ಲಿ 13-10ರಿಂದ ಸೋತಿತು. ಕಾರಣ ಮೈದಾನದ ಮೇಲೆಯೇ ಕಾಣುತ್ತಿತ್ತು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಮುಂಚೂಣಿ ಸಾಲಿನ ಎಡ ಟ್ಯಾಕಲ್ ಜೋಶ್ ಸಿಮನ್ಸ್ ಮತ್ತು ಸೆಂಟರ್ ಸೆತ್ ಮೆಕ್‌ಲಾಫ್ಲಿನ್ ಇಬ್ಬರೂ ಗಾಯದಿಂದ ಋತುವನ್ನೇ ಕಳೆದುಕೊಂಡಿದ್ದರು. ಸಾಲಿನ ನಡುಭಾಗ ದುರ್ಬಲವಾಗಿದ್ದರೂ ತಂಡ ಚೆಂಡನ್ನು ಮತ್ತೆ ಮತ್ತೆ ಅದೇ ನಡುಭಾಗದಿಂದ ಓಡಿಸಿತು. ಮಿಷಿಗನ್‌ನ ಅತಿ ಬಲವಾದ ಆಟಗಾರರಿದ್ದದ್ದೂ ಅಲ್ಲೇ. ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಪಡೆಯುವ ಫೀಲ್ಡ್ ಗೋಲ್ ಎರಡು ಸಲ ತಪ್ಪಿತು, ಕ್ವಾರ್ಟರ್‌ಬ್ಯಾಕ್ ವಿಲ್ ಹೊವಾರ್ಡ್ ಎರಡು ಸಲ ಚೆಂಡನ್ನು ಎದುರಾಳಿಯ ಕೈಗಿತ್ತರು.

ಮೂರು ವಾರದ ಬಳಿಕ ಟೆನೆಸ್ಸಿ ವಿರುದ್ಧ ಇಳಿದಾಗ ಯೋಜನೆಯೇ ಬೇರೆ. ನಡುವೆ ನುಗ್ಗುವುದನ್ನು ಬಿಟ್ಟು ಪಾಸ್ ಹಿಡಿಯುವ ಮೊದಲ ವರ್ಷದ ರಿಸೀವರ್ ಜೆರೆಮಾಯಾ ಸ್ಮಿತ್‌ಗೆ ಬೇಗ ಬೇಗ ಚೆಂಡು ತಲುಪಿಸಿದರು. ಮೊದಲ ಕ್ವಾರ್ಟರ್ ಮುಗಿದಾಗ 21-0, ಪಂದ್ಯ 42-17. ರೋಸ್ ಬೌಲ್‌ನಲ್ಲಿ ನಡೆದ ಕ್ವಾರ್ಟರ್‌ಫೈನಲ್‌ನಲ್ಲಿ ಅಜೇಯ ಒರೆಗಾನ್ ವಿರುದ್ಧ ಎರಡನೇ ಕ್ವಾರ್ಟರ್‌ನಲ್ಲೇ 34-0 ಮುನ್ನಡೆ. ಸ್ಮಿತ್ ಒಬ್ಬರೇ 187 ಯಾರ್ಡ್ ಗಳಿಸಿದರು. ಸೆಮಿಫೈನಲ್‌ನಲ್ಲಿ ಟೆಕ್ಸಾಸ್ 28-14ರಿಂದ ಸೋತಿತು. 2025ರ ಜನವರಿ 20ರಂದು ಅಟ್ಲಾಂಟಾದ ಫೈನಲ್‌ನಲ್ಲಿ ನೋಟ್ರೆ ಡೇಮ್ 31-7ರ ಹಿನ್ನಡೆಯಿಂದ 31-23ಕ್ಕೆ ಬಂದಿತ್ತು. ಕೊನೆಯ ನಿಮಿಷಗಳಲ್ಲಿ ಓಹಾಯೋ ಸ್ಟೇಟ್‌ಗೆ ಮೂರನೇ ಯತ್ನದಲ್ಲಿ 11 ಯಾರ್ಡ್ ಬೇಕಿತ್ತು. ಅಲ್ಲಿ ತಪ್ಪಿದ್ದರೆ ಚೆಂಡು ಎದುರಾಳಿಗೆ, ಪಂದ್ಯ ಸಮವಾಗುವ ಅವಕಾಶವೂ ಅವರಿಗೆ. ಹೊವಾರ್ಡ್, ಒಬ್ಬನೇ ರಕ್ಷಕನ ಕಾವಲಿದ್ದ ಸ್ಮಿತ್‌ಗೆ 56 ಯಾರ್ಡ್‌ಗಳ ಪಾಸ್ ಎಸೆದರು. ಬಳಿಕ ಫೀಲ್ಡ್ ಗೋಲ್, 34-23.

ಸಮಿತಿಯ ಅಂತಿಮ ಪಟ್ಟಿಯಲ್ಲಿ ನೋಟ್ರೆ ಡೇಮ್ 5ನೇ, ಓಹಾಯೋ ಸ್ಟೇಟ್ 6ನೇ ಸ್ಥಾನದಲ್ಲಿದ್ದವು. ಅದೇ ಪಟ್ಟಿಯನ್ನು ಹಳೆಯ ನಾಲ್ಕರ ಪದ್ಧತಿಗೆ ಹಚ್ಚಿದರೆ ಫೈನಲ್ ಆಡಿದ ಎರಡೂ ತಂಡಗಳು ಪ್ಲೇಆಫ್‌ನಲ್ಲೇ ಇರುತ್ತಿರಲಿಲ್ಲ. ವಿಸ್ತರಣೆ ಬೇಕು ಎನ್ನುವವರಿಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ. ನವೆಂಬರ್‌ನ ಪಂದ್ಯಗಳು ಸಪ್ಪೆಯಾದವು ಎನ್ನುವವರೂ ಇದನ್ನೇ ತೋರಿಸುತ್ತಾರೆ: ಮಿಷಿಗನ್‌ಗೆ ಸೋತದ್ದಕ್ಕೆ ಓಹಾಯೋ ಸ್ಟೇಟ್ ತೆತ್ತ ದಂಡವಾದರೂ ಏನು?

ಗೆದ್ದವರಿಗೆ ಕಠಿಣ ದಾರಿ

ದಂಡ ಇರಲಿ, ಗೆದ್ದವರಿಗೇ ಶಿಕ್ಷೆಯಾಗಿತ್ತು. 2024ರ ನಿಯಮದಂತೆ ಅತಿ ಹೆಚ್ಚು ರ‍್ಯಾಂಕಿನ ಐದು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಸ್ಥಾನ ಖಚಿತ, ಉಳಿದ ಏಳು ಸಮಿತಿಯ ಆಯ್ಕೆ. ಮೊದಲ ನಾಲ್ಕು ಶ್ರೇಯಾಂಕ ಮಾತ್ರ ಚಾಂಪಿಯನ್ನರಿಗೇ ಮೀಸಲು; ಅವರಿಗೆ ಬೈ, ಅಂದರೆ ಮೊದಲ ಸುತ್ತು ಆಡದೆ ನೇರ ಕ್ವಾರ್ಟರ್‌ಫೈನಲ್. ಸಮಿತಿಯ ಪಟ್ಟಿಯಲ್ಲಿ 9ನೇ ಸ್ಥಾನದ ಬೊಯ್ಸಿ ಸ್ಟೇಟ್‌ಗೆ 3ನೇ ಶ್ರೇಯಾಂಕ, 12ನೇ ಸ್ಥಾನದ ಅರಿಜೋನಾ ಸ್ಟೇಟ್‌ಗೆ 4ನೇ ಶ್ರೇಯಾಂಕ ದಕ್ಕಿದ್ದು ಹೀಗೆ. ಪಟ್ಟಿಯಲ್ಲಿ 3 ಮತ್ತು 4ನೆಯವರಾಗಿದ್ದ ಟೆಕ್ಸಾಸ್, ಪೆನ್ ಸ್ಟೇಟ್ 5 ಮತ್ತು 6ಕ್ಕೆ ಜಾರಿದವು. ಓಹಾಯೋ ಸ್ಟೇಟ್ 6ರಿಂದ 8ಕ್ಕೆ.

ಪರಿಣಾಮ ನೋಡಿ. ಡಿಸೆಂಬರ್ 7ರ ಬಿಗ್ ಟೆನ್ ಫೈನಲ್‌ನಲ್ಲಿ ಒರೆಗಾನ್ ಪೆನ್ ಸ್ಟೇಟನ್ನು 45-37ರಿಂದ ಸೋಲಿಸಿತು. ಗೆದ್ದ ಒರೆಗಾನ್‌ಗೆ ಕ್ವಾರ್ಟರ್‌ಫೈನಲ್‌ನಲ್ಲಿ ಎದುರಾದದ್ದು ಓಹಾಯೋ ಸ್ಟೇಟ್. ಸೋತ ಪೆನ್ ಸ್ಟೇಟ್‌ಗೆ ಮೊದಲು ತವರಿನಲ್ಲಿ ಎಸ್‌ಎಂಯು, ಬಳಿಕ ಬೊಯ್ಸಿ ಸ್ಟೇಟ್. ಎಸ್‌ಇಸಿಯಲ್ಲಿ ಜಾರ್ಜಿಯಾ ಹೆಚ್ಚುವರಿ ಅವಧಿಯಲ್ಲಿ 22-19ರಿಂದ ಟೆಕ್ಸಾಸನ್ನು ಮಣಿಸಿತು. ಅದೇ ಪಂದ್ಯದಲ್ಲಿ ಅದರ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಬೆಕ್ ಮೊಣಕೈ ಗಾಯಕ್ಕೆ ತುತ್ತಾಗಿ ಋತು ಮುಗಿಸಿದರು. ಕಾನ್ಫರೆನ್ಸ್ ಫೈನಲ್ ಗೆಲ್ಲಲು ಮುಖ್ಯ ಆಟಗಾರನನ್ನೇ ಕಳೆದುಕೊಂಡ ಜಾರ್ಜಿಯಾ, ಕ್ವಾರ್ಟರ್‌ಫೈನಲ್‌ನಲ್ಲಿ ನೋಟ್ರೆ ಡೇಮ್‌ಗೆ 23-10ರಿಂದ ಸೋತಿತು. ಯಾವ ಕೂಟಕ್ಕೂ ಸೇರದ ನೋಟ್ರೆ ಡೇಮ್‌ಗೆ ಅಂಥ ಫೈನಲ್ ಆಡುವ ಅಗತ್ಯವೇ ಇರಲಿಲ್ಲ.

ರ‍್ಯಾಂಕಿಂಗ್ ಪ್ರಕಾರವೇ ಶ್ರೇಯಾಂಕ ಕೊಟ್ಟಿದ್ದರೆ ಒರೆಗಾನ್‌ಗೆ ಎದುರಾಗುತ್ತಿದ್ದದ್ದು ಇಂಡಿಯಾನಾ ಅಥವಾ ಬೊಯ್ಸಿ ಸ್ಟೇಟ್. ಓಹಾಯೋ ಸ್ಟೇಟ್ ಮೊದಲು ಅರಿಜೋನಾ ಸ್ಟೇಟನ್ನು, ಆಮೇಲೆ ಟೆಕ್ಸಾಸನ್ನು ದಾಟಬೇಕಿತ್ತು. ಈ ಅಸಂಬದ್ಧ ಒಂದೇ ವರ್ಷದಲ್ಲಿ ಬಯಲಾದ್ದರಿಂದ 2025ರ ಮೇ ತಿಂಗಳಲ್ಲಿ ನಿಯಮ ತಿದ್ದಿದರು: ಚಾಂಪಿಯನ್ನರಿಗೆ ಸ್ಥಾನ ಖಚಿತ, ಶ್ರೇಯಾಂಕ ಮಾತ್ರ ಪಟ್ಟಿಯಂತೆ.

ಅಷ್ಟರಿಂದ ಬೈ ಸಮಸ್ಯೆ ಬಗೆಹರಿಯಲಿಲ್ಲ. 2025ರ ಋತುವಿನಲ್ಲೂ ಬೈ ಪಡೆದ ನಾಲ್ವರಲ್ಲಿ ಓಹಾಯೋ ಸ್ಟೇಟ್, ಜಾರ್ಜಿಯಾ, ಟೆಕ್ಸಾಸ್ ಟೆಕ್ ಮೂವರೂ ಮೊದಲ ಪಂದ್ಯದಲ್ಲೇ ಸೋತರು. ಎರಡು ಋತುಗಳ ಎಂಟು ತಂಡಗಳಲ್ಲಿ ದಾಟಿದ್ದು ಇಂಡಿಯಾನಾ ಒಂದೇ; ಅದು 16-0 ಸಾಧಿಸಿ ಪ್ರಶಸ್ತಿಯನ್ನೂ ಗೆದ್ದಿತು. ಹಾಗಾಗಿ ತಪ್ಪು ಶ್ರೇಯಾಂಕದಷ್ಟೇ ಅಲ್ಲ, ಬೈ ಒಳಗೇ ತೊಡಕಿದೆ ಎನ್ನಬೇಕಾಗುತ್ತದೆ. 2024ರಲ್ಲಿ ಒರೆಗಾನ್ 25 ದಿನ ಆಟವಿಲ್ಲದೆ ಕುಳಿತಿತ್ತು. ಓಹಾಯೋ ಸ್ಟೇಟ್ 11 ದಿನದ ಹಿಂದಷ್ಟೇ ಆಡಿ ಲಯದಲ್ಲಿತ್ತು. ಎರಡನೆಯದಾಗಿ, 5ರಿಂದ 8ರ ಶ್ರೇಯಾಂಕದವರಿಗೆ ತವರಿನ ಪಂದ್ಯ ಸಿಗುತ್ತದೆ, 2024ರಲ್ಲಿ ತವರಿನ ನಾಲ್ಕೂ ತಂಡಗಳು 10 ಅಂಕ ಅಥವಾ ಅದಕ್ಕಿಂತ ಹೆಚ್ಚಿನ ಅಂತರದಲ್ಲಿ ಗೆದ್ದವು. ಅಗ್ರ ನಾಲ್ವರಿಗೆ ತವರಿನ ಪಂದ್ಯವೇ ಇಲ್ಲ. ಕ್ವಾರ್ಟರ್‌ಫೈನಲ್‌ಗಳು ಬೌಲ್ ಎಂದು ಕರೆಯುವ, ಋತುವಿನ ಕೊನೆಯ ಸಾಂಪ್ರದಾಯಿಕ ಪಂದ್ಯಗಳ ಮೈದಾನಗಳಿಗೆ ಒಪ್ಪಂದದಲ್ಲಿ ಕಟ್ಟಿಬಿದ್ದಿವೆ. ಐಪಿಎಲ್‌ನಲ್ಲಿ ಮೊದಲೆರಡು ಸ್ಥಾನದ ತಂಡ ಒಂದು ಪ್ಲೇಆಫ್ ಪಂದ್ಯ ಸೋತರೂ ಇನ್ನೊಂದು ಅವಕಾಶ ಉಳಿದಿರುತ್ತದೆ. ಇಲ್ಲಿ ಅಗ್ರಸ್ಥಾನಕ್ಕೆ ಅಂಥ ರಕ್ಷಣೆ ಯಾವುದೂ ಇಲ್ಲ. ಕ್ವಾರ್ಟರ್‌ಫೈನಲ್‌ಗಳನ್ನೂ ವಿಶ್ವವಿದ್ಯಾಲಯಗಳ ಮೈದಾನಕ್ಕೆ ತರುವುದು ತಂಡಗಳ ಸಂಖ್ಯೆ ಏರಿಸುವುದಕ್ಕಿಂತ ತುರ್ತಾದ ಸುಧಾರಣೆ. ಅದಕ್ಕೆ ಬೌಲ್ ಸಂಘಟಕರು ಸುಲಭದಲ್ಲಿ ಒಪ್ಪಲಾರರು.

ಹನ್ನೆರಡನೇ ಆಟಗಾರನ ನಾಲ್ಕು ಸೆಕೆಂಡ್

ಒರೆಗಾನ್‌ಗೆ ಒಂದನೇ ಶ್ರೇಯಾಂಕ ತಂದುಕೊಟ್ಟ ಗೆಲುವುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಬೇಕು. ಅಕ್ಟೋಬರ್ 12, ಯೂಜೀನ್. ಒರೆಗಾನ್ 32, ಓಹಾಯೋ ಸ್ಟೇಟ್ 31. ಉಳಿದದ್ದು 10 ಸೆಕೆಂಡ್. ಓಹಾಯೋ ಸ್ಟೇಟ್ ಎದುರಾಳಿಯ 43 ಯಾರ್ಡ್ ಗೆರೆಯ ಬಳಿ. ಇನ್ನೊಂದಿಷ್ಟು ಮುಂದೆ ಹೋದರೆ ಫೀಲ್ಡ್ ಗೋಲ್ ಯತ್ನಿಸಬಹುದು. ಆಗ ಒರೆಗಾನ್ 11ರ ಬದಲು 12 ಜನರನ್ನು ಇಳಿಸಿತು. ಹೆಚ್ಚುವರಿ ರಕ್ಷಕನಿದ್ದುದರಿಂದ ಪಾಸ್ ಫಲಿಸಲಿಲ್ಲ. ದಂಡವಾಗಿ ಓಹಾಯೋ ಸ್ಟೇಟ್‌ಗೆ 5 ಯಾರ್ಡ್ ಸಿಕ್ಕಿತು, ಆದರೆ ಕಳೆದ 4 ಸೆಕೆಂಡ್ ಗಡಿಯಾರಕ್ಕೆ ಮರಳಲಿಲ್ಲ. ಉಳಿದ 6 ಸೆಕೆಂಡಿನಲ್ಲಿ ಹೊವಾರ್ಡ್ ಚೆಂಡು ಹಿಡಿದು ಓಡಿ, ಜಾರಿ ಕೂರುವಷ್ಟರಲ್ಲಿ ಸಮಯ ಮುಗಿದಿತ್ತು.

ನಿಯಮ ಮುರಿದರೂ ಲಾಭವಾಗುವ ಜಾಗವನ್ನು ತಂಡ ಹುಡುಕಿಟ್ಟುಕೊಂಡಿತ್ತು ಎಂಬುದನ್ನು ಕೋಚ್ ಡ್ಯಾನ್ ಲ್ಯಾನಿಂಗ್ ಬಳಿಕ ಸೂಚಿಸಿದರು. ಕೆಲವೇ ದಿನಗಳಲ್ಲಿ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ಸ್ಪಷ್ಟೀಕರಣ ಹೊರಡಿಸಿತು: ಕೊನೆಯ ಎರಡು ನಿಮಿಷಗಳಲ್ಲಿ ಹೀಗಾದರೆ, ಎದುರಾಳಿ ಕೇಳಿದಲ್ಲಿ, ಗಡಿಯಾರವನ್ನು ಹಿಂದಕ್ಕೆ ತಿರುಗಿಸಬೇಕು. ನಿಯಮದ ಬಿರುಕು ಕಂಡ ಕೂಡಲೇ ತುಂಬಿದರು ಎಂಬುದು ಮೆಚ್ಚತಕ್ಕದ್ದು. ಪ್ಲೇಆಫ್‌ನ ಬಿರುಕುಗಳನ್ನು ಇಷ್ಟೇ ಚುರುಕಾಗಿ ತುಂಬಲು ಆಗದಿರುವುದಕ್ಕೆ ಕಾರಣ ಹಣ.

ದುಡ್ಡಿನ ಲೆಕ್ಕ

ಆಟಗಾರರು ತಮ್ಮ ಹೆಸರು ಮತ್ತು ಚಿತ್ರ ಬಳಸಿ ಸಂಪಾದಿಸಲು 2021ರ ಜುಲೈನಿಂದ ಅವಕಾಶವಾಯಿತು. ಅದೇ ವರ್ಷ ಒಂದು ಸಲ, 2024ರಿಂದ ಎಷ್ಟು ಸಲ ಬೇಕಾದರೂ, ಒಂದು ವರ್ಷ ಹೊರಗೆ ಕೂರದೆಯೇ ಕಾಲೇಜು ಬದಲಿಸಬಹುದು ಎಂದಾಯಿತು. ಎರಡೂ ಸೇರಿ ಬಹಿರಂಗ ಮಾರುಕಟ್ಟೆ ಹುಟ್ಟಿತು. 2024ರ ತಂಡ ಕಟ್ಟಲು ಸುಮಾರು 2 ಕೋಟಿ ಡಾಲರ್ ಹರಿದಿದೆ ಎಂದು ಓಹಾಯೋ ಸ್ಟೇಟ್‌ನ ಕ್ರೀಡಾ ನಿರ್ದೇಶಕ ರಾಸ್ ಬಿಯೋರ್ಕ್ ಅವರೇ ಹೇಳಿದ್ದರು. ಹೊವಾರ್ಡ್ ಬಂದದ್ದು ಕ್ಯಾನ್ಸಸ್ ಸ್ಟೇಟ್‌ನಿಂದ, ರಕ್ಷಕ ಕೇಲಬ್ ಡೌನ್ಸ್ ಅಲಬಾಮಾದಿಂದ, ಓಟಗಾರ ಕ್ವಿನ್‌ಶಾನ್ ಜಡ್ಕಿನ್ಸ್ ಓಲ್ ಮಿಸ್‌ನಿಂದ. ಹಿಂದೆ 13ರಿಂದ 15 ಇದ್ದ ಪಂದ್ಯಗಳು ಈಗ 16, 17ರವರೆಗೂ ಹೋಗಬಹುದು. ಗಾಯಗಳು ಹೆಚ್ಚಿದಷ್ಟೂ ಬೆಂಚಿನ ಮೇಲಿನ ಎರಡನೇ ಆಟಗಾರ ಎಷ್ಟು ಒಳ್ಳೆಯವನು ಎಂಬುದೇ ಫಲಿತಾಂಶವನ್ನು ನಿರ್ಧರಿಸುತ್ತದೆ. ಆ ಎರಡನೆಯವನನ್ನು ಉಳಿಸಿಕೊಳ್ಳಲು ಹಣ ಬೇಕು.

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್, ಆಟಗಾರರು ಎನ್‌ಸಿಎಎ ವಿರುದ್ಧ ಹೂಡಿದ್ದ 'ಹೌಸ್' ಪ್ರಕರಣದ ರಾಜಿಗೆ ಒಪ್ಪಿಗೆ ನೀಡಿದರು. ಹಿಂದಿನ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ. ಜೊತೆಗೆ 2025-26ರಿಂದ ವಿಶ್ವವಿದ್ಯಾಲಯಗಳು ತಮ್ಮ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು; ಮೊದಲ ವರ್ಷ ಪ್ರತಿ ವಿಶ್ವವಿದ್ಯಾಲಯಕ್ಕೆ ಮಿತಿ ಸುಮಾರು 2.05 ಕೋಟಿ ಡಾಲರ್. ಆ ಮಿತಿ ಫುಟ್‌ಬಾಲ್‌ಗಷ್ಟೇ ಅಲ್ಲ, ಎಲ್ಲ ಕ್ರೀಡೆಗಳಿಗೂ ಸೇರಿ. ಹೊರಗಿನ ಜಾಹೀರಾತು ಒಪ್ಪಂದಗಳು ಮಿತಿಗೆ ಸೇರುವುದಿಲ್ಲವಾದ್ದರಿಂದ ಶ್ರೀಮಂತ ಬೆಂಬಲಿಗರಿರುವ ಕಾಲೇಜುಗಳ ಮೇಲುಗೈ ಮುಂದುವರಿಯುತ್ತದೆ.

ಪ್ಲೇಆಫ್ ಪ್ರವೇಶವೇ ಆದಾಯವೂ ಹೌದು. 2024ರಲ್ಲಿ ಒಳಬಂದದ್ದಕ್ಕೆ 40 ಲಕ್ಷ, ಕ್ವಾರ್ಟರ್‌ಫೈನಲ್‌ಗೆ 40 ಲಕ್ಷ, ಸೆಮಿಫೈನಲ್‌ಗೆ 60 ಲಕ್ಷ, ಫೈನಲ್‌ಗೆ 60 ಲಕ್ಷ ಡಾಲರ್. ಇದು ಹೋಗುವುದು ಕೂಟಕ್ಕೆ. ಕೂಟವಿಲ್ಲದ ನೋಟ್ರೆ ಡೇಮ್ ಮಾತ್ರ 2 ಕೋಟಿಯನ್ನೂ ತಾನೇ ಇಟ್ಟುಕೊಂಡಿತು. ಇನ್ನೊಂದು ಸ್ಥಾನಕ್ಕಾಗಿ ಕೂಟಗಳು ಇಷ್ಟು ಕಾದಾಡುವುದು ಇದರಿಂದಲೇ.

ಪಂದ್ಯದ ನಡುವೆ ಸಂತೆ

2024ರಲ್ಲಿ ಕಾಲೇಜು ಬದಲಿಸುವ ಕಿಟಕಿ, ಅಂದರೆ ಟ್ರಾನ್ಸ್‌ಫರ್ ಪೋರ್ಟಲ್, ತೆರೆದದ್ದು ಡಿಸೆಂಬರ್ 9ಕ್ಕೆ. ಪ್ಲೇಆಫ್ ಶುರುವಾದದ್ದು 20ಕ್ಕೆ. ತಡ ಮಾಡಿದರೆ ಬೇರೆ ಕಡೆ ಜಾಗ ಭರ್ತಿಯಾಗುತ್ತದೆ. ಪೆನ್ ಸ್ಟೇಟ್‌ನ ಎರಡನೇ ಕ್ವಾರ್ಟರ್‌ಬ್ಯಾಕ್ ಬೋ ಪ್ರಿಬುಲಾ, ತಂಡದ ಪ್ಲೇಆಫ್ ಪಂದ್ಯಕ್ಕೆ ಒಂದು ವಾರವೂ ಇಲ್ಲದಾಗ ಹೊರಡಬೇಕಾಗಿ ಬಂದದ್ದು ಹಾಗೆ. ಸನ್ ಬೆಲ್ಟ್ ಎಂಬ ಸಣ್ಣ ಕೂಟದ ಚಾಂಪಿಯನ್ ಮಾರ್ಷಲ್‌ನಲ್ಲಿ ಕೋಚ್ ಬೇರೆಡೆಗೆ ಹೋದರು, ಬೆನ್ನಿಗೇ ಆಟಗಾರರು ಸಾಲುಗಟ್ಟಿ ಪೋರ್ಟಲ್ ಸೇರಿದರು. ತಂಡ ಬೌಲ್ ಪಂದ್ಯದಿಂದಲೇ ಹಿಂದೆ ಸರಿಯಿತು. ಬಳಿಕ ಒಂದೇ ಕಿಟಕಿ, ಜನವರಿ 2ರಿಂದ 16 ಎಂದು ಬದಲಿಸಿದರು. ಪ್ಲೇಆಫ್ ಸೆಮಿಫೈನಲ್ ಈಗಲೂ ಅದರ ನಡುವೆಯೇ ಬೀಳುತ್ತದೆ. ಕೋಚ್‌ಗಳ ವಲಸೆಯಂತೂ ನಿಂತಿಲ್ಲ: 2025ರಲ್ಲಿ ಓಲ್ ಮಿಸ್ ಪ್ಲೇಆಫ್‌ಗೆ ಸಜ್ಜಾಗುತ್ತಿದ್ದಾಗಲೇ ಲೇನ್ ಕಿಫಿನ್ ಎಲ್‌ಎಸ್‌ಯುಗೆ ಹೊರಟರು.

ಯಾರ ವಾದ ಏನು

ಎಸ್‌ಇಸಿಯ ಒಲವು 16 ತಂಡಗಳತ್ತ: ಐದು ಚಾಂಪಿಯನ್ನರು, ಹನ್ನೊಂದು ಆಯ್ಕೆ. ತಮ್ಮ ಕೂಟದಲ್ಲಿ ಮೂರು ಸೋತವರೂ ಬೇರೆಡೆಯ ಎರಡು ಸೋತವರಿಗಿಂತ ಬಲಶಾಲಿಗಳು ಎಂಬುದು ಅವರ ನಂಬಿಕೆ. 2024ರಲ್ಲಿ 11-2ರ ಎಸ್‌ಎಂಯು ಒಳಗೆ, 9-3ರ ಅಲಬಾಮಾ ಹೊರಗೆ ಉಳಿದದ್ದು ಅವರ ಹಳೆಯ ಗಾಯ. ಬಿಗ್ ಟೆನ್ ಮೊದಲು ಎರಡು ದೊಡ್ಡ ಕೂಟಗಳಿಗೆ ತಲಾ ನಾಲ್ಕು ಸ್ಥಾನ ಖಚಿತವಿರಲಿ ಎಂದಿತು, ಆಮೇಲೆ 24ರ ಮಾತೆತ್ತಿತು. ಸ್ಥಾನ ಖಚಿತವಿದ್ದರೆ ಸಮಿತಿಯ ಮರ್ಜಿ ಕಾಯಬೇಕಿಲ್ಲ, ಸೋಲುವ ಭಯವಿಲ್ಲದೆ ದೊಡ್ಡ ಎದುರಾಳಿಗಳೊಂದಿಗೆ ಪಂದ್ಯ ಏರ್ಪಡಿಸಬಹುದು ಎಂಬ ವಾದದಲ್ಲಿ ಹುರುಳಿದೆ. ಆದರೆ ಆಡುವ ಮೊದಲೇ ಸ್ಥಾನ ಹಂಚಿಬಿಟ್ಟರೆ ಉಳಿದೆರಡು ದೊಡ್ಡ ಕೂಟಗಳಾದ ಎಸಿಸಿ, ಬಿಗ್ 12 ಶಾಶ್ವತವಾಗಿ ಎರಡನೇ ದರ್ಜೆಗೆ ಇಳಿಯುತ್ತವೆ. ಬಿಗ್ ಟೆನ್ ಮತ್ತು ಎಸ್‌ಇಸಿ ಎರಡೂ ಒಪ್ಪದೆ ಸ್ವರೂಪ ಬದಲಾಗದು ಎಂಬಂತೆ ಅಧಿಕಾರ ಹಂಚಿಕೆಯಾಗಿರುವುದರಿಂದ, ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಎಳೆದಾಗ ಇದ್ದದ್ದೇ ಉಳಿಯುತ್ತದೆ. ಜನವರಿಯಲ್ಲಿ ಆದದ್ದು ಅದೇ.

2026ರಲ್ಲಿ ಏನು ಬದಲಾಗಲಿದೆ

ಎಸ್‌ಇಸಿ ಕೂಟದೊಳಗಿನ ಪಂದ್ಯಗಳನ್ನು ಎಂಟರಿಂದ ಒಂಬತ್ತಕ್ಕೆ ಏರಿಸುತ್ತಿದೆ. 16 ತಂಡಗಳ ನಡುವೆ ಇನ್ನೂ ಎಂಟು ಪಂದ್ಯ, ಅಂದರೆ ಇನ್ನೂ ಎಂಟು ಖಚಿತ ಸೋಲು. ಈ ಹಿಂದೆ ಆ ಜಾಗದಲ್ಲಿ ಹಲವರು ದುರ್ಬಲ ತಂಡವನ್ನು ಕರೆಸಿ ಸುಲಭವಾಗಿ ಗೆಲ್ಲುತ್ತಿದ್ದರು. 10-2 ಆಗಬಹುದಾಗಿದ್ದ ತಂಡ 9-3 ಆಗುವ ಸಂಭವ ಹೆಚ್ಚುವುದರಿಂದ, 2024ರಲ್ಲಿ ಬಿದ್ದ ಆ 'ಮೂರು ಸೋಲಿನ ಗೆರೆ'ಯನ್ನು ಸಮಿತಿ ಸಡಿಲಿಸದೆ ವಿಧಿಯಿಲ್ಲ.

2025ರಲ್ಲಿ ಎಸಿಸಿ ಪ್ರಶಸ್ತಿಯನ್ನು ಐದು ಪಂದ್ಯ ಸೋತ ಡ್ಯೂಕ್ ಗೆದ್ದಿತು. ಅದು ಪಟ್ಟಿಯಲ್ಲೇ ಇಲ್ಲದ್ದರಿಂದ ಸಣ್ಣ ಕೂಟಗಳ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ಎರಡೂ ಒಳಬಂದವು. 10-2ರ ನೋಟ್ರೆ ಡೇಮ್ ಹೊರಗುಳಿಯಿತು. 2026ರಿಂದ ನಾಲ್ಕು ದೊಡ್ಡ ಕೂಟಗಳ ಚಾಂಪಿಯನ್ನರಿಗೆ ರ‍್ಯಾಂಕ್ ಏನೇ ಇದ್ದರೂ ಸ್ಥಾನ ಖಚಿತ, ಉಳಿದ ಕೂಟಗಳಿಗೆಲ್ಲ ಸೇರಿ ಒಂದು. ನೋಟ್ರೆ ಡೇಮ್ ಮೊದಲ 12ರೊಳಗಿದ್ದರೆ ಅದಕ್ಕೂ ಸ್ಥಾನ ಖಚಿತ. ಹನ್ನೆರಡರಲ್ಲಿ ಐದು ಚಾಂಪಿಯನ್ನರಿಗೆ, ಒಂದು ನೋಟ್ರೆ ಡೇಮ್‌ಗೆ ಹೋದ ವರ್ಷ ಉಳಿದೆಲ್ಲ ತಂಡಗಳು ಸಮಿತಿಯ ಮುಂದೆ ಪೈಪೋಟಿ ನಡೆಸಬೇಕಾದದ್ದು ಆರೇ ಸ್ಥಾನಗಳಿಗೆ.